ನೈಸಿಯದ ಮಹಾಸಭೆಯೂ ಕ್ರಿಸ್ತನ ದೈವತ್ವವೂ

೧

ಏಷ್ಯಾಮೈನರಿನ ವಾಯವ್ಯಭಾಗದಲ್ಲಿ ಬಿಥಿನಿಯವೆಂಬುದು ರೋಮನ್ ಚಕ್ರಾಧಿಪತ್ಯಕ್ಕೆ ಸೇರಿದ ಒಂದು ಪ್ರಾಂತವಾಗಿದ್ದಿತು. ಕ್ರಿ. ಶ. ೧೧೨ರ ಸುಮಾರಿನಲ್ಲಿ ಈ ಪ್ರಾಂತವನ್ನೂ ಅದರೊಡನೆ ಸೇರಿದ್ದ ಪೊಂಟಸನ್ನೂ ಪ್ಲಿನಿಯೆಂಬ ವಿದ್ವಾಂಸನು ಚಕ್ರವರ್ತಿ ಟ್ರಾಜನನ ಪ್ರತಿನಿಧಿಯಾಗಿ ಆಳುತ್ತಿದ್ದನು. ಆತನು ತನ್ನ ಒಡೆಯನಿಗೆ ಬರೆದ ಕಾಗದಗಳು ಇಂದಿಗೂ ಉಳಿದಿರುವುವು. ನೈಸಿಯ ಪಟ್ಟಣದಲ್ಲಿ ಬಹು ದ್ರವ್ಯವನ್ನು ವೆಚ್ಚಮಾಡಿ ಕಟ್ಟುತ್ತಿದ್ದ ರಂಗಮಂದಿರವು ಮುಗಿಯುವುದಕ್ಕೆ ಮೊದಲೇ ಬಿರುಕುಬಿಡುತ್ತಿದೆಯೆಂದು ಒಂದು ಕಾಗದದಲ್ಲಿ ದೂರಿರುವನು. ಮತ್ತೊಂದು ಕಾಗದದಲ್ಲಿ ಕ್ರೈಸ್ತರೆಂಬ ಹೊಸ ಪಂಥದವರನ್ನು ಹೇಗೆ ವಿಚಾರಣೆಮಾಡಬೇಕೆಂದು ಕೇಳಿರುವನು.

ಆ ವಿಚಾರಣೆಯ ಕ್ರಮವು ಸರಳವಾದುದು. ದೂರಿಗೆ ಒಳಗಾದವನನ್ನು, ನೀನು ಕ್ರೈಸ್ತನೋ ಎಂದು ಮೂರು ಸಲ ಕೇಳುವುದು. ಹೌದೆಂದು ಹಟಹಿಡಿದವನನ್ನು ವಧೆಗೆ ಕಳುಹಿಸುವುದು. ಅಲ್ಲವೆಂದವನ ಮುಂದೆ ದೇವತೆಗಳ ವಿಗ್ರಹಗಳ ಜೊತೆಯಲ್ಲಿ ಚಕ್ರವರ್ತಿಯ ಪ್ರತಿಮೆಯನ್ನೂ ಇರಿಸಿ, ಅದಕ್ಕೆ ಧೂಪವನ್ನೂ ದ್ರಾಕ್ಷಾರಸವನ್ನೂ ಅರ್ಪಿಸಿ ಕ್ರಿಸ್ತನನ್ನು ಶಪಿಸುವಂತೆ ಮಾಡಿಸುವುದು. ನಿಜವಾದ ಕ್ರೈಸ್ತರಿಂದ ಇವುಗಳಲ್ಲಿ ಒಂದನ್ನೂ ಬಲಾತ್ಕಾರದಿಂದ ಮಾಡಿಸುವುದು ಅಸಾಧ್ಯವೆಂದು ಪ್ಲಿನಿಯು ಕೇಳಿದ್ದನು. ಆ ಪಂಥವನ್ನು ಬಿಟ್ಟುಬಂದವರು ಆತನಿಗೆ ತಿಳಿಸಿದ ಸಂಗತಿಯು ಇನ್ನೂ ಗಮನಾರ್ಹವಾದುದು. ಕ್ರೈಸ್ತರು ಗೊತ್ತಾದ ಒಂದು ದಿನ ಬೆಳಗಾಗುವ ಮೊದಲೇ ಕೂಡಿ, ದೇವರನ್ನು ಹಾಡುವಂತೆಯೇ ಕ್ರಿಸ್ತನನ್ನು ಕುರಿತು ಪರಸ್ಪರ ಪ್ರತಿಯಾಗಿ ಹಾಡುತ್ತಿದ್ದರಂತೆ.

ಇದಾದ ಇನ್ನೂರ ಹದಿಮೂರು ವರ್ಷಗಳ ಮೇಲೆ, ಅದೇ ಬಿಥಿನಿಯದಲ್ಲಿ, ಅದೇ ನೈಸಿಯ ಪಟ್ಟಣದಲ್ಲಿ, ರೋಮಿನ ಚಕ್ರವರ್ತಿಯೇ ಕರೆಯಿಸಿದ ಕ್ರೈಸ್ತ ಬಿಷಪರ ಮಹಾಸಭೆಯು ನೆರೆದು, ಕ್ರಿಸ್ತನು ನಿಜವಾಗಿ ದೇವನೇ ಎಂಬ ಪ್ರಶ್ನೆಯನ್ನು ನಿರ್ಣಯಿಸಿತು. ಕ್ರಿಸ್ತನ ದೈವತ್ವವು ಈ ಸಭೆಯಲ್ಲಿಯೇ ಹುಟ್ಟಿತೆಂದೂ, ರಾಜಾಜ್ಞೆಯಿಂದ ಜನರ ಮೇಲೆ ಹೇರಲ್ಪಟ್ಟಿತೆಂದೂ ಒಂದು ಅಭಿಪ್ರಾಯವು ಲೋಕದಲ್ಲಿ ಹರಡಿರುವುದುಂಟು. ಇದಕ್ಕೆ ವಿರುದ್ಧವಾಗಿ, ಆ ನಂಬಿಕೆಯು ಮೊದಲಿನಿಂದಲೂ ಸಿದ್ಧವಾಗಿಯೇ ಇದ್ದಿತೆಂದೂ, ನೈಸಿಯದಲ್ಲಿ ಹೊಸದೇನೂ ನಡೆಯಲಿಲ್ಲವೆಂದೂ ಹೇಳುವವರೂ ಉಂಟು. ಇವೆರಡೂ ಚರಿತ್ರೆಗೆ ಪೂರ್ತಿಯಾಗಿ ಒಪ್ಪತಕ್ಕವುಗಳಲ್ಲ. ಕ್ರೈಸ್ತರಲ್ಲಿ ಮೊದಲು ಕಾಣಬರುವುದು ಪೂಜೆ. ಆ ಪೂಜೆಯಿಂದ ಹುಟ್ಟಿದುದು ಪ್ರಶ್ನೆ. ಆ ಪ್ರಶ್ನೆಗೆ ಉತ್ತರವಾಗಿ ಕೊನೆಯಲ್ಲಿ ಬಂದುದು ಸಿದ್ಧಾಂತ. ಈ ಕ್ರಮವನ್ನು ವಿವೇಚಿಸಿದರೆ ತಮ್ಮ ರಕ್ಷಕನು ದೇವನೇ ಎಂಬ ಕ್ರೈಸ್ತರ ಭರವಸೆಯು ಯಾವ ಆಧಾರದ ಮೇಲೆ ನಿಂತಿತೆಂಬುದು ವಿಶದವಾಗುವುದು.

೨

ಮೊದಲು ಒಂದು ಕಷ್ಟವನ್ನು ಮನಸ್ಸಿಗೆ ತಂದುಕೊಳ್ಳಬೇಕು. ಅವತಾರಗಳ ಕಥೆಗಳಲ್ಲಿ ಬೆಳೆದ ನಾಡಿನವರಿಗೆ ದೇವರು ಮನುಷ್ಯರೂಪದಿಂದ ಬಂದನೆಂಬ ಮಾತು ಅಪರಿಚಿತವಲ್ಲ. ಆದರೆ ಯೇಸುವಿನ ಮೊದಲ ಶಿಷ್ಯರು ಯೆಹೂದ್ಯರು. ದೇವರು ಒಬ್ಬನೇ, ಆತನ ಹೊರತು ಮತ್ತಾವುದಕ್ಕೂ ಪೂಜೆ ಸಲ್ಲದು ಎಂಬುದು ಆ ಜನದ ನಿತ್ಯಪಠನದ ಮೊದಲ ಮಾತು. ವಿಗ್ರಹಕ್ಕೆ ತಲೆಬಾಗುವುದಕ್ಕಿಂತ ಪ್ರಾಣವನ್ನು ಬಿಡುವುದೇ ಲೇಸೆಂದು ಅವರ ಪೂರ್ವಿಕರು ತೋರಿಸಿದ್ದರು. ಇಂತಹ ಜನರ ನಡುವೆ, ಶಿಲುಬೆಯ ಮೇಲೆ ಅಪರಾಧಿಯಂತೆ ಸತ್ತ ಒಬ್ಬ ಮನುಷ್ಯನಿಗೆ ಪ್ರಾರ್ಥನೆಯನ್ನೂ ಸ್ತೋತ್ರವನ್ನೂ ಸಲ್ಲಿಸುವ ವಾಡಿಕೆಯು ಹುಟ್ಟಿತೆಂಬುದೇ ವಿಸ್ಮಯಕರವಾದ ಸಂಗತಿ.

ಆದರೂ ಅದು ಬೇಗನೆ ಹುಟ್ಟಿತೆಂಬುದರಲ್ಲಿ ಸಂದೇಹವಿಲ್ಲ. ಯೇಸುವಿನ ಮರಣವು ಕ್ರಿ. ಶ. ೩೦ ಅಥವಾ ೩೩ರಲ್ಲಿ ನಡೆದುದೆಂದು ವಿದ್ವಾಂಸರು ಎಣಿಸುವರು. ಪೌಲನ ಪತ್ರಗಳು ಸುಮಾರು ೫೦ರಿಂದ ಮೊದಲ್ಗೊಂಡು ಮುಂದಿನ ಹತ್ತು ಹನ್ನೆರಡು ವರ್ಷಗಳಲ್ಲಿ ಬರೆಯಲ್ಪಟ್ಟವು. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದಲ್ಲಿ ಆತನು, ದೇವರು ಒಬ್ಬನೇ ಎಂಬ ಯೆಹೂದ್ಯರ ಮೂಲವಾಕ್ಯವನ್ನೇ ಬಿಡಿಸಿ, ತಂದೆಯಾದ ಒಬ್ಬ ದೇವರು, ಯೇಸು ಕ್ರಿಸ್ತನೆಂಬ ಒಬ್ಬ ಕರ್ತನು ಎಂದು ಎರಡನ್ನೂ ಅದರೊಳಗೆ ಸೇರಿಸಿರುವನು. ಫಿಲಿಪ್ಪಿಯವರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯದಲ್ಲಿ, ದೇವರ ಮುಂದೆ ಎಲ್ಲರೂ ಮೊಣಕಾಲೂರುವರೆಂದು ಪ್ರವಾದಿ ಯೆಶಾಯನು ಹೇಳಿದ ಮಾತನ್ನು ಯೇಸುವಿಗೆ ಅನ್ವಯಿಸಿರುವನು. ಈ ಭಾಗವು ಪೌಲನಿಗಿಂತಲೂ ಹಿಂದಿನ ಒಂದು ಸ್ತೋತ್ರವೆಂದು ಅನೇಕ ವಿದ್ವಾಂಸರ ಮತ. ಇಲ್ಲಿ ಬರುವ ‘ಕರ್ತ’ ಎಂಬ ಶಬ್ದವೂ ಸಾಮಾನ್ಯವಾದುದಲ್ಲ. ಉಚ್ಚರಿಸಲಾಗದಷ್ಟು ಪವಿತ್ರವೆಂದು ಯೆಹೂದ್ಯರು ಎಣಿಸಿದ ದೇವನಾಮದ ಸ್ಥಾನದಲ್ಲಿ ಗ್ರೀಕ್ ಬಲ್ಲ ಯೆಹೂದ್ಯರು ಓದುತ್ತಿದ್ದ ‘ಕೂರಿಯೊಸ್’ ಎಂಬ ಶಬ್ದವೇ ಅದು.

೧೯೧೩ರಲ್ಲಿ ಜರ್ಮನಿಯ ವಿದ್ವಾಂಸ ಬೂಸೆಟ್ ಎಂಬವರು, ಈ ಪೂಜೆಯು ಪಾಲೆಸ್ತೀನದಲ್ಲಿ ಹುಟ್ಟಿದುದಲ್ಲ, ಗ್ರೀಕ್ ನಗರಗಳ ದೇವತಾರಾಧನೆಯ ವಾತಾವರಣದಲ್ಲಿ ಬಂದು ಸೇರಿದುದು ಎಂದು ವಾದಿಸಿದರು. ಈ ವಾದಕ್ಕೆ ಒಂದು ಪದವೇ ದೊಡ್ಡ ಅಡ್ಡಿಯಾಗಿ ನಿಂತಿರುವುದು. ಕೊರಿಂಥದ ಗ್ರೀಕರಿಗೆ ಗ್ರೀಕಿನಲ್ಲಿ ಬರೆದ ಪತ್ರದ ಕೊನೆಯಲ್ಲಿ ಪೌಲನು ‘ಮಾರನಾಥ’ ಎಂಬ ಅರಮಾಯಿಕ್ ಮಾತನ್ನು ಅನುವಾದಿಸದೆಯೇ ಇಟ್ಟಿರುವನು. ‘ನಮ್ಮ ಕರ್ತನೇ, ಬಾ’ ಎಂದು ಅದರ ಅರ್ಥವನ್ನು ಹೇಳುವುದು ವಾಡಿಕೆ. ಅರಮಾಯಿಕ್ ಭಾಷೆಯು ಯೇಸುವೂ ಆತನ ಮೊದಲ ಶಿಷ್ಯರೂ ಆಡುತ್ತಿದ್ದ ಭಾಷೆ. ಕೊರಿಂಥದವರಿಗೆ ಕೂಡ ಅದು ಬಾಯಿಪಾಠವಾಗಿದ್ದಿತೆಂದರೆ, ಯೇಸುವನ್ನು ಕರ್ತನೆಂದು ಕರೆದು ಪ್ರಾರ್ಥಿಸುವ ಪದ್ಧತಿಯು ಅರಮಾಯಿಕ್ ಆಡುವ ಮೊದಲ ಸಭೆಯಿಂದಲೇ ಬಂದಿರಬೇಕು. ಲ್ಯಾರಿ ಹರ್ಟಾಡೊ ಅವರು ೨೦೦೩ರಲ್ಲಿ ಪ್ರಕಟಿಸಿದ ಬೃಹದ್ಗ್ರಂಥದಲ್ಲಿ ಇಂತಹ ಆಧಾರಗಳನ್ನು ಒಟ್ಟುಗೂಡಿಸಿ, ಈ ಪೂಜೆಯು ಅತಿ ಮೊದಲಿನ ಕಾಲದಲ್ಲಿಯೇ ಯೆಹೂದ್ಯ ವಲಯದಲ್ಲಿಯೇ ಕಾಣಿಸಿಕೊಂಡಿತೆಂದು ಪ್ರತಿಪಾದಿಸಿರುವರು. ಅದಕ್ಕೆ ಕಾರಣವಾವುದೆಂಬುದರಲ್ಲಿ ಮತಭೇದವಿರಬಹುದು. ಸತ್ತ ಯೇಸುವನ್ನು ದೇವರು ಎಬ್ಬಿಸಿ ತನ್ನ ಬಲಗಡೆಯಲ್ಲಿ ಕುಳ್ಳಿರಿಸಿದನೆಂಬ ದೃಢವಾದ ನಂಬುಗೆಯು ಅದರ ಬುಡದಲ್ಲಿದ್ದಿತೆಂಬುದನ್ನು ಮಾತ್ರ ಆ ಪತ್ರಗಳನ್ನು ಓದಿದವರಾರೂ ಅಲ್ಲಗಳೆಯಲಾರರು.

ಮುಂದಿನ ಕಾಲದ ಸಾಕ್ಷ್ಯಗಳು ಶತ್ರುಗಳಿಂದಲೂ ಮಿತ್ರರಿಂದಲೂ ದೊರೆಯುವುವು. ರೋಮಿನ ಪ್ಯಾಲಟೈನ್ ಗುಡ್ಡದ ಒಂದು ಗೋಡೆಯ ಮೇಲೆ ಯಾರೋ ಗೀಚಿದ ಚಿತ್ರವೊಂದು ೧೮೫೭ರಲ್ಲಿ ಬೆಳಕಿಗೆ ಬಂದಿತು. ಶಿಲುಬೆಯ ಮೇಲೆ ಕತ್ತೆಯ ತಲೆಯುಳ್ಳ ಒಂದು ಆಕೃತಿ. ಅದರ ಮುಂದೆ ಕೈಯೆತ್ತಿ ನಿಂತ ಒಬ್ಬ ಮನುಷ್ಯ. ಕೆಳಗೆ, ಅಲೆಕ್ಸಮೆನೊಸನು ತನ್ನ ದೇವರನ್ನು ಪೂಜಿಸುತ್ತಿದ್ದಾನೆಂಬ ಅರ್ಥದ ಗ್ರೀಕ್ ಬರೆಹ. ಇದು ಪರಿಹಾಸ್ಯಕ್ಕಾಗಿ ಬರೆದುದಾದರೂ ಕ್ರೈಸ್ತರು ಶಿಲುಬೆಗೇರಿದವನನ್ನೇ ದೇವನೆಂದು ಪೂಜಿಸುತ್ತಿದ್ದರೆಂಬುದಕ್ಕೆ ಪ್ರಬಲ ಸಾಕ್ಷಿ. ೨೦೦೫ರಲ್ಲಿ ಇಸ್ರೇಲಿನ ಮೆಗಿದ್ದೊ ಬಳಿಯ ಸೆರೆಮನೆಯ ಆವರಣದಲ್ಲಿ ಮೂರನೆಯ ಶತಮಾನಕ್ಕೆ ಸೇರಿದುದೆಂದು ಎಣಿಸಲ್ಪಡುವ ಒಂದು ಪ್ರಾರ್ಥನಾಗೃಹದ ನೆಲಗಟ್ಟು ದೊರೆಯಿತು. ಅದರಲ್ಲಿ ಅಕೆಪ್ತೊಸ್ ಎಂಬ ಸ್ತ್ರೀಯು ದೇವನಾದ ಯೇಸು ಕ್ರಿಸ್ತನಿಗೆ ಒಂದು ಮೇಜನ್ನು ಸಮರ್ಪಿಸಿದಳೆಂದು ಬಣ್ಣದ ಕಲ್ಲುಗಳಿಂದ ಬರೆದಿರುವುದು. ಇವೆರಡನ್ನೂ ನೈಸಿಯಕ್ಕಿಂತ ಹಿಂದಿನವೆಂದು ವಿದ್ವಾಂಸರು ಸಾಮಾನ್ಯವಾಗಿ ಗ್ರಹಿಸಿರುವರು.

ಸುಮಾರು ೧೭೮ರಲ್ಲಿ ಕ್ರೈಸ್ತಮತವನ್ನು ಖಂಡಿಸಿ ಗ್ರಂಥವನ್ನು ಬರೆದ ಕೆಲ್ಸಸನೆಂಬ ತತ್ತ್ವಜ್ಞನು ಈ ಪೂಜೆಯಲ್ಲಿದ್ದ ತೊಡಕನ್ನು ಸರಿಯಾಗಿ ಹಿಡಿದನು. ಇವರು ಒಬ್ಬನೇ ದೇವರನ್ನು ಪೂಜಿಸುವವರಾಗಿದ್ದರೆ ಇತರ ದೇವತೆಗಳನ್ನು ತಿರಸ್ಕರಿಸುವುದಕ್ಕೆ ಏನಾದರೂ ನ್ಯಾಯವಿದ್ದೀತು. ನಿನ್ನೆ ಮೊನ್ನೆ ಕಾಣಿಸಿಕೊಂಡ ಮನುಷ್ಯನೊಬ್ಬನನ್ನು ಮಿತಿಮೀರಿ ಪೂಜಿಸುತ್ತಲೇ ಏಕದೇವವಾದವನ್ನು ಆಡುವುದು ಹೇಗೆ ಎಂಬುದು ಆತನ ಆಕ್ಷೇಪಣೆಯ ಸಾರ. ಈ ಪ್ರಶ್ನೆಯನ್ನು ಹೊರಗಿನವನು ಕೇಳಿದನು. ಅದನ್ನು ಒಳಗಿನವನೇ ಕೇಳುವ ಕಾಲವು ಮುಂದೆ ಬಂದಿತು.

೩

ಆರಿಯಸನು ಈಜಿಪ್ಟಿನ ಅಲೆಕ್ಸಾಂಡ್ರಿಯ ನಗರದಲ್ಲಿ ಒಂದು ದೇವಾಲಯದ ಗುರುವಾಗಿದ್ದನು. ಸುಮಾರು ೩೧೮ರಲ್ಲಿ ಆತನಿಗೂ ಆತನ ಬಿಷಪ್ ಅಲೆಕ್ಸಾಂಡರನಿಗೂ ವಿವಾದವು ಹುಟ್ಟಿತು. ಆರಿಯಸನನ್ನು ನಾಸ್ತಿಕನೆಂದೋ ಕುತರ್ಕಿಯೆಂದೋ ಚಿತ್ರಿಸುವುದು ಅನ್ಯಾಯ. ಆತನು ವಿರಕ್ತನು, ವಾಗ್ಮಿ, ಜನರ ಗೌರವಕ್ಕೆ ಪಾತ್ರನಾದವನು. ದೇವರ ಏಕತ್ವವನ್ನು ಕಾಪಾಡಬೇಕೆಂಬುದೇ ಆತನ ಹಂಬಲ. ದೇವರು ಒಬ್ಬನೇ ಅನಾದಿ, ಒಬ್ಬನೇ ಅಜನು, ಮಗನು ಹುಟ್ಟಿದವನಾದುದರಿಂದ ಅನಾದಿಯಾಗಲಾರನು, ಆತನಿಲ್ಲದಿದ್ದ ಒಂದು ಸ್ಥಿತಿ ಇದ್ದಿರಲೇಬೇಕು, ಆತನು ಇಲ್ಲಮೆಯಿಂದ ಸೃಷ್ಟಿಸಲ್ಪಟ್ಟವನು, ಸಕಲ ಸೃಷ್ಟಿಗೂ ಮೊದಲನೆಯವನು, ಶ್ರೇಷ್ಠನು, ಆದರೂ ಸೃಷ್ಟಿಯೇ. ಇದು ಆತನ ಸಿದ್ಧಾಂತ. ಇದಕ್ಕೆ ಬೈಬಲಿನ ಆಧಾರಗಳೂ ಇದ್ದುವು. ಜ್ಞಾನೋಕ್ತಿಗಳ ಎಂಟನೆಯ ಅಧ್ಯಾಯದಲ್ಲಿ ಜ್ಞಾನವು ತನ್ನನ್ನು ದೇವರು ಆದಿಯಲ್ಲಿ ಸೃಷ್ಟಿಸಿದನೆಂದು ಹೇಳಿಕೊಳ್ಳುವುದು. ಯೋಹಾನನ ಸುವಾರ್ತೆಯಲ್ಲಿ ಯೇಸುವು ತಂದೆಯು ತನಗಿಂತ ದೊಡ್ಡವನೆನ್ನುವನು. ಮಾರ್ಕನ ಸುವಾರ್ತೆಯಲ್ಲಿ ಕಡೆಯ ದಿನವು ಮಗನಿಗೂ ತಿಳಿಯದೆಂದಿರುವುದು. ಆರಿಯಸನು ತನ್ನ ತತ್ತ್ವವನ್ನು ‘ಥಾಲಿಯ’ ಎಂಬ ಕೃತಿಯಲ್ಲಿ ಪದ್ಯವಾಗಿ ಬರೆದನು. ನಾವಿಕರಿಗೂ ಬೀಸುವವರಿಗೂ ದಾರಿಗರಿಗೂ ಆತನು ಹಾಡುಗಳನ್ನು ಕಟ್ಟಿಕೊಟ್ಟನೆಂದು ಆತನ ಪಕ್ಷದ ಕಡೆಗೇ ಒಲಿದ ಚರಿತ್ರಕಾರ ಫಿಲೊಸ್ಟಾರ್ಜಿಯಸನು ತಿಳಿಸುವನು.

ಎದುರು ಪಕ್ಷಕ್ಕೂ ಆಧಾರಗಳು ಕಡಮೆಯಾಗಿರಲಿಲ್ಲ. ಯೋಹಾನನ ಸುವಾರ್ತೆಯು ಕನ್ನಡ ಬೈಬಲಿನಲ್ಲಿ ‘ವಾಕ್ಯ’ವೆಂದು ಅನುವಾದಿತವಾಗಿರುವ ‘ಲೊಗೊಸ್’ ತತ್ತ್ವವನ್ನು ಮೊದಲಲ್ಲಿಯೇ ದೇವರೆಂದು ಕರೆಯುವುದು. ಅದೇ ಗ್ರಂಥದ ಅಂತ್ಯಭಾಗದಲ್ಲಿ ಸಂದೇಹಗ್ರಸ್ತನಾಗಿದ್ದ ತೋಮನು ಎದ್ದುಬಂದ ಯೇಸುವನ್ನು ತನ್ನ ಕರ್ತನೆಂದೂ ದೇವರೆಂದೂ ಒಪ್ಪಿಕೊಳ್ಳುವನು. ಮೂರನೆಯ ಶತಮಾನದ ಮಹಾಪಂಡಿತ ಆರಿಜನನು ಮಗನು ತಂದೆಯಿಂದ ನಿತ್ಯವೂ ಹುಟ್ಟುವವನೆಂದು ಹೇಳಿದ್ದನು. ಆದರೆ ಮಗನನ್ನು ತಂದೆಗೆ ಅಧೀನನನ್ನಾಗಿಯೂ ಎಣಿಸಿದ್ದನು. ಆದುದರಿಂದ ಎರಡು ಪಕ್ಷದವರೂ ಆತನ ವಾಕ್ಯಗಳಲ್ಲಿ ತಮಗೆ ಬೇಕಾದುದನ್ನು ಕಂಡರು. ಗ್ರಂಥವಚನಗಳನ್ನು ಒಂದರ ಮೇಲೊಂದು ಹೇರುವುದರಿಂದ ಮಾತ್ರ ಬಗೆಹರಿಯುವ ವಿವಾದವಾಗಿರಲಿಲ್ಲ ಇದು. ಒಂದೇ ಶ್ರುತಿಯನ್ನು ಬೇರೆ ಬೇರೆ ಭಾಷ್ಯಕಾರರು ಬೇರೆ ಬೇರೆ ರೀತಿಯಲ್ಲಿ ಅರ್ಥಮಾಡುವುದನ್ನು ಬಲ್ಲ ಓದುಗರಿಗೆ ಇದು ಆಶ್ಚರ್ಯವಾಗಿ ತೋರದು.

೪

೩೨೪ರಲ್ಲಿ ಕಾನ್‌ಸ್ಟಂಟೈನನು ತನ್ನ ಪ್ರತಿಸ್ಪರ್ಧಿ ಲಿಸಿನಿಯಸನನ್ನು ಸೋಲಿಸಿ ಇಡೀ ಚಕ್ರಾಧಿಪತ್ಯಕ್ಕೆ ಒಬ್ಬನೇ ಒಡೆಯನಾದನು. ಚಕ್ರಾಧಿಪತ್ಯವು ಒಂದಾದ ಹೊತ್ತಿನಲ್ಲಿ ಧರ್ಮಸಭೆಯು ಒಡೆಯುವುದು ಆತನಿಗೆ ಸಹಿಸಲಿಲ್ಲ. ಆತನು ಕೊರ್ಡೊವದ ಬಿಷಪ್ ಹೊಸಿಯಸನ ಕೈಯಲ್ಲಿ ಅಲೆಕ್ಸಾಂಡರನಿಗೂ ಆರಿಯಸನಿಗೂ ಕಾಗದವನ್ನು ಕಳುಹಿಸಿ, ಇಂತಹ ಅಲ್ಪವಿಷಯಕ್ಕಾಗಿ ಜನರನ್ನು ಒಡೆಯಬೇಡಿರೆಂದು ಬುದ್ಧಿಹೇಳಿದನು. ಈ ಕಾಗದವು ಮುಖ್ಯವಾದುದು. ಕ್ರಿಸ್ತನನ್ನು ದೇವನನ್ನಾಗಿ ಮಾಡುವುದು ಚಕ್ರವರ್ತಿಯ ಉದ್ದೇಶವಾಗಿರಲಿಲ್ಲ. ಆತನಿಗೆ ಬೇಕಾಗಿದ್ದುದು ಶಾಂತಿ. ಕಾಗದದಿಂದ ಶಾಂತಿಯುಂಟಾಗದೆ ಹೋದುದರಿಂದ ೩೨೫ರ ಬೇಸಿಗೆಯಲ್ಲಿ ಮಹಾಸಭೆಯು ನೈಸಿಯದಲ್ಲಿ ಸೇರಿತು.

ಸಭೆಗೆ ಬಂದ ಬಿಷಪರು ಮುನ್ನೂರ ಹದಿನೆಂಟು ಮಂದಿಯೆಂದು ಸಂಪ್ರದಾಯವು ಹೇಳುವುದು. ಆದಿಕಾಂಡದಲ್ಲಿ ಅಬ್ರಹಾಮನು ಯುದ್ಧಕ್ಕೆ ಕೊಂಡೊಯ್ದ ಆಳುಗಳ ಸಂಖ್ಯೆಯೂ ಅದೇ ಆದುದರಿಂದ ಇದು ಸಾಂಕೇತಿಕವೆಂದು ತಿಳಿಯಬೇಕು. ಸಭೆಯಲ್ಲಿದ್ದ ಯೂಸೀಬಿಯಸನು ಇನ್ನೂರೈವತ್ತಕ್ಕೆ ಮೇಲೆಂದು ಬರೆದಿರುವನು. ಬಂದವರಲ್ಲಿ ಹೆಚ್ಚಿನವರು ಪೂರ್ವದೇಶದವರು. ಡಯೊಕ್ಲೀಷಿಯನನು ೩೦೩ರಲ್ಲಿ ಪ್ರಾರಂಭಿಸಿದ ಹಿಂಸೆಯನ್ನು ಅವರಲ್ಲಿ ಅನೇಕರು ಕಂಡವರು, ಕೆಲವರು ಉಂಡವರು. ನಿಯೊಸಿಸೇರಿಯದ ಪೌಲನ ಎರಡು ಕೈಗಳೂ ಕಾದ ಕಬ್ಬಿಣದಿಂದ ಸುಡಲ್ಪಟ್ಟು ನಿಷ್ಪ್ರಯೋಜಕವಾಗಿದ್ದುವೆಂದು ಥಿಯೊಡೊರೆಟನು ಬರೆದಿರುವನು. ಚಕ್ರವರ್ತಿಯ ಪ್ರತಿಮೆಗೆ ಒಂದು ಚಿಟಿಕೆ ಧೂಪವನ್ನು ಹಾಕಲಾರೆವೆಂದವರ ಪರಂಪರೆ ಅದು. ಅವರ ಮುಂದೆ ಈಗ ಬಂದ ಪ್ರಶ್ನೆಯು ಕೇವಲ ಶಬ್ದವಿಚಾರವಾಗಿರಲು ಸಾಧ್ಯವಿರಲಿಲ್ಲ. ಸೃಷ್ಟಿಗೆ ಸೇರಿದ ಯಾವುದಕ್ಕೂ ಪೂಜೆ ಸಲ್ಲದೆಂದು ಸಾಕ್ಷಿಹೇಳಿ ಸತ್ತವರು ಕ್ರಿಸ್ತನಿಗೆ ಸಲ್ಲಿಸಿದ ಪೂಜೆಯೇನು? ಕ್ರಿಸ್ತನೂ ಸೃಷ್ಟಿಯೇ ಆದರೆ ಚಕ್ರವರ್ತಿಗೂ ಆತನಿಗೂ ಇರುವ ಭೇದವು ಹೆಚ್ಚು ಕಡಮೆಯ ಭೇದವಾಗುವುದೇ ಹೊರತು ಜಾತಿಭೇದವಾಗದು. ಹಾಗಾದರೆ ಬಿಥಿನಿಯದ ಆ ಹಾಡು ಒಂದು ವಿಗ್ರಹವನ್ನು ಬಿಟ್ಟು ಮತ್ತೊಂದನ್ನು ಹಿಡಿದವರ ಹಾಡಾಗುವುದು.

ಸಭೆಯು ಮೊದಲು ಬೈಬಲಿನ ಮಾತುಗಳಿಂದಲೇ ನಿರ್ಣಯವನ್ನು ಬರೆಯಲು ಯತ್ನಿಸಿತೆಂದು, ಆಗ ಅಲೆಕ್ಸಾಂಡರನ ಸಭಾಸೇವಕನಾಗಿ ಬಂದಿದ್ದ ಅಥನೇಸಿಯಸನು ಮುಂದೆ ಬರೆದಿರುವನು. ಮಗನು ದೇವರಿಂದ ಬಂದವನೆಂದರೆ, ಎಲ್ಲವೂ ದೇವರಿಂದಲೇ ಬಂದುದಲ್ಲವೇ ಎಂದು ಎದುರುಪಕ್ಷದವರು ಒಪ್ಪಿಬಿಡುವರು. ದೇವರ ಪ್ರತಿರೂಪನೆಂದರೆ, ಮನುಷ್ಯನೂ ದೇವರ ಪ್ರತಿರೂಪವೇ ಎನ್ನುವರು. ಎಲ್ಲ ಮಾತುಗಳೂ ಹೀಗೆ ಜಾರಿಹೋಗುತ್ತಿರಲು, ಜಾರದಂತಹ ಒಂದು ಶಬ್ದವನ್ನು ಹುಡುಕಬೇಕಾಯಿತು. ‘ಹೊಮೊಊಸಿಯೊಸ್’ ಎಂಬುದೇ ಆ ಶಬ್ದ. ತಂದೆಯ ತತ್ತ್ವವೇ ತನ್ನ ತತ್ತ್ವವಾಗಿ ಉಳ್ಳವನು, ಏಕತತ್ತ್ವನು, ಎಂದು ಇದರ ಅರ್ಥ. ಈ ಶಬ್ದವು ಬೈಬಲಿನಲ್ಲಿ ಎಲ್ಲಿಯೂ ಇಲ್ಲ. ೨೬೮ರಲ್ಲಿ ಆಂಟಿಯೋಕದಲ್ಲಿ ಸಮೊಸಾಟದ ಪೌಲನನ್ನು ಖಂಡಿಸಿದ ಸಭೆಯು ಇದನ್ನು ನಿರಾಕರಿಸಿದ್ದಿತೆಂದೂ ಮುಂದೆ ಹೇಳಲಾಯಿತು. ಹೀಗಿದ್ದರೂ ಸಭೆಯು ಅದನ್ನು ಸ್ವೀಕರಿಸಿತು. ಕೊನೆಯವರೆಗೂ ಸಹಿಹಾಕದೆ ನಿಂತ ಬಿಷಪರು ಇಬ್ಬರೇ: ಮರ್ಮರಿಕದ ತಿಯೋನಸ್, ಟೊಲೆಮಾಯಿಸಿನ ಸೆಕುಂಡಸ್. ಆರಿಯಸನು ಇಲ್ಲಿರಿಯಕ್ಕೆ ಗಡೀಪಾರಾದನು.

೫

ಈ ಶಬ್ದದ ಹಿಂದೆ ಇದ್ದ ಯುಕ್ತಿಯನ್ನು ವಿಸ್ತರಿಸಿ ಹೇಳಿದವನು ಅಥನೇಸಿಯಸನು. ಆತನು ೩೨೮ರಿಂದ ೩೭೩ರವರೆಗೆ ಅಲೆಕ್ಸಾಂಡ್ರಿಯದ ಬಿಷಪನಾಗಿದ್ದನು. ಆತನ ವಾದಗಳಲ್ಲಿ ಮೂರು ಪ್ರಧಾನವಾದುವು.

ಮೊದಲನೆಯದು ಪೂಜೆಯನ್ನು ಹಿಡಿದು ಮಾಡಿದ ವಾದ. ಆರಿಯಸನ ಪಕ್ಷದವರೂ ಕ್ರಿಸ್ತನಿಗೆ ಪ್ರಾರ್ಥನೆ ಸಲ್ಲಿಸುವವರೇ. ಆತನು ಸೃಷ್ಟಿಯೆಂದು ಹೇಳುತ್ತಲೇ ಆತನನ್ನು ಪೂಜಿಸುವುದಾದರೆ ವಿಗ್ರಹಾರಾಧಕರಿಗೂ ಅವರಿಗೂ ಭೇದವೆಲ್ಲಿ? ಕೆಲ್ಸಸನ ಆಕ್ಷೇಪಣೆಗೆ ಇದರಿಂದ ಉತ್ತರವೂ ದೊರೆಯಿತು: ಕ್ರೈಸ್ತರು ದೇವರ ಜೊತೆಗೆ ಇನ್ನೊಬ್ಬನನ್ನು ಸೇರಿಸಿ ಪೂಜಿಸುವುದಿಲ್ಲ; ಒಬ್ಬನೇ ದೇವರನ್ನು ಆತನ ಮಗನಲ್ಲಿ ಪೂಜಿಸುವರು.

ಎರಡನೆಯದು ದೀಕ್ಷಾಸ್ನಾನವನ್ನು ಹಿಡಿದು ಮಾಡಿದುದು. ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ ದೀಕ್ಷೆಯನ್ನು ಪಡೆಯುವುದು ಮೊದಲಿನಿಂದ ಬಂದ ಪದ್ಧತಿ. ಸೃಷ್ಟಿಕರ್ತನ ಹೆಸರಿನ ಜೊತೆಗೆ ಸೃಷ್ಟಿಯ ಹೆಸರನ್ನು ಕೂಡಿಸಿ ಪಾಪವಿಮೋಚನೆಯನ್ನು ಬೇಡುವುದು ಹೇಗೆ ಹೊಂದುವುದು?

ಮೂರನೆಯದೇ ಎಲ್ಲಕ್ಕೂ ಮಿಗಿಲಾದುದು. ಅದು ರಕ್ಷಣೆಯ ವಾದ. ಮನುಷ್ಯನಿಗೆ ಬಂದಿರುವ ಕೇಡು ಉಪದೇಶದಿಂದ ಮಾತ್ರ ಹೋಗತಕ್ಕುದಾಗಿದ್ದರೆ ಒಬ್ಬ ಗುರುವೋ ಪ್ರವಾದಿಯೋ ಸಾಕಾಗುತ್ತಿದ್ದನು. ಆದರೆ ಮನುಷ್ಯನು ಮರಣಕ್ಕೂ ನಾಶಕ್ಕೂ ಒಳಗಾಗಿರುವನು. ಇಲ್ಲಮೆಯಿಂದ ಆತನನ್ನು ಉಂಟುಮಾಡಿದವನು ಯಾರೋ ಆತನೇ ಮತ್ತೆ ಆತನನ್ನು ಹೊಸದಾಗಿ ಮಾಡಬಲ್ಲನು. ಸೃಷ್ಟಿಯೊಂದು ಮತ್ತೊಂದು ಸೃಷ್ಟಿಯನ್ನು ದೇವರೊಡನೆ ಒಂದುಗೂಡಿಸಲಾರದು. ತಾನೇ ಆ ಕೂಟಕ್ಕಾಗಿ ಹಾತೊರೆಯುವುದು ಮತ್ತೊಬ್ಬರಿಗೆ ಅದನ್ನು ಕೊಡುವುದೆಲ್ಲಿಂದ? ಹೊಳೆಯಲ್ಲಿ ಮುಳುಗುತ್ತಿರುವವನನ್ನು ಅದೇ ಸೆಳೆತದಲ್ಲಿರುವ ಇನ್ನೊಬ್ಬನು ದಡ ಸೇರಿಸಲಾರನೆಂಬುದು ಈ ವಾದದ ಸಾರವೆಂದು ಹೇಳಬಹುದು. ದೇವರ ಮಗನು ಮನುಷ್ಯನಾದುದು ಮನುಷ್ಯನು ದೇವರ ಜೀವದಲ್ಲಿ ಭಾಗಿಯಾಗಲೆಂದು. ಆತನು ನಿಜವಾಗಿ ದೇವನಲ್ಲದಿದ್ದರೆ ಆ ಭಾಗವು ದೊರೆಯದು, ನಿಜವಾಗಿ ಮನುಷ್ಯನಾಗದಿದ್ದರೆ ಅದು ಮನುಷ್ಯನಿಗೆ ಮುಟ್ಟದು.

ಈ ಮೂರರಲ್ಲಿಯೂ ಒಂದು ಸಮಾನವಾದ ಲಕ್ಷಣವು ಕಾಣುವುದು. ಅಥನೇಸಿಯಸನು ದೇವರ ಲಕ್ಷಣವನ್ನು ಮೊದಲು ಸ್ಥಾಪಿಸಿ ಅದರಿಂದ ಕ್ರಿಸ್ತನ ದೈವತ್ವವನ್ನು ಅನುಮಾನಪ್ರಮಾಣದಿಂದ ಸಾಧಿಸಲಿಲ್ಲ. ಹಾಗೆ ಹೊರಟವನು ಆರಿಯಸನು. ಅಥನೇಸಿಯಸನಾದರೋ ಸಭೆಯು ಏನನ್ನು ಮಾಡುತ್ತಿರುವುದು, ಯಾರನ್ನು ಕರೆಯುತ್ತಿರುವುದು, ಯಾರಿಂದ ಏನನ್ನು ಪಡೆದೆನೆಂದು ಹೇಳುತ್ತಿರುವುದು ಎಂಬುದರಿಂದ ಹೊರಟು, ಅದು ಸಾರ್ಥಕವಾಗಬೇಕಾದರೆ ಕ್ರಿಸ್ತನು ಯಾರಾಗಿರಬೇಕೆಂದು ಕೇಳಿದನು.

೬

ನೈಸಿಯದ ನಿರ್ಣಯದಿಂದ ವಿವಾದವು ಮುಗಿಯಲಿಲ್ಲ, ನಿಜವಾಗಿ ಪ್ರಾರಂಭವಾಯಿತು. ಕೆಲವೇ ವರ್ಷಗಳಲ್ಲಿ ಕಾನ್‌ಸ್ಟಂಟೈನನ ಮನಸ್ಸು ತಿರುಗಿ ಆರಿಯಸನಿಗೆ ಕ್ಷಮೆ ದೊರೆಯಿತು. ೩೩೬ರಲ್ಲಿ ಆರಿಯಸನು ತೀರಿಕೊಂಡನು. ಮರುವರ್ಷ ಮರಣಶಯ್ಯೆಯಲ್ಲಿದ್ದ ಚಕ್ರವರ್ತಿಗೆ ದೀಕ್ಷಾಸ್ನಾನವನ್ನು ಮಾಡಿಸಿದವನು ಆರಿಯಸನ ಹಳೆಯ ಬೆಂಬಲಿಗನಾದ ನಿಕೊಮೀಡಿಯದ ಯೂಸೀಬಿಯಸನೇ. ಕಾನ್‌ಸ್ಟಂಟೈನನ ಮಗನಾದ ಕಾನ್‌ಸ್ಟಾಂಷಿಯಸನು ನೈಸಿಯದ ಶಬ್ದವನ್ನು ಕಿತ್ತುಹಾಕಲು ಬಹಳವಾಗಿ ಯತ್ನಿಸಿದನು. ೩೫೭ರಲ್ಲಿ ಸರ್ಮಿಯಮಿನಲ್ಲಿ ಹೊರಟ ಪ್ರಕಟನೆಯು ‘ಊಸಿಯ’ ಎಂಬ ಮಾತನ್ನೇ ಎತ್ತಬಾರದೆಂದಿತು. ಅತಿವೃದ್ಧನಾಗಿದ್ದ ಹೊಸಿಯಸನಿಂದಲೂ ಅದಕ್ಕೆ ಒತ್ತಾಯದಿಂದ ಒಪ್ಪಿಗೆಯನ್ನು ಪಡೆದರು. ೩೫೯ರಲ್ಲಿ ಅರಿಮಿನಮಿನಲ್ಲಿ ನಾನೂರು ಬಿಷಪರು ನೆರೆದು, ಕೊನೆಗೆ ರಾಜಾಧಿಕಾರಿಗಳ ಒತ್ತಾಯಕ್ಕೆ ಮಣಿದು ಆ ಶಬ್ದವನ್ನು ಬಿಟ್ಟ ಒಂದು ಪ್ರಮಾಣಕ್ಕೆ ಸಹಿಹಾಕಿದರು. ಲೋಕವೆಲ್ಲ ತಾನು ಆರಿಯಸನ ಪಕ್ಷವಾದುದನ್ನು ಕಂಡು ಬೆರಗಾಗಿ ನರಳಿತೆಂಬ ಅರ್ಥದಲ್ಲಿ ಜೆರೋಮನು ಮುಂದೆ ಬರೆದನು. ಅಥನೇಸಿಯಸನು ನಾಲ್ವರು ಚಕ್ರವರ್ತಿಗಳಿಂದ ಐದು ಸಲ ಗಡೀಪಾರಾಗಿ, ತನ್ನ ನಾಲ್ವತ್ತೈದು ವರ್ಷಗಳ ಅಧಿಕಾರಕಾಲದಲ್ಲಿ ಸುಮಾರು ಹದಿನೇಳು ವರ್ಷಗಳನ್ನು ಹೊರಗೆ ಕಳೆದನು.

ಈ ಕಾಲದ ಎರಡು ಘಟನೆಗಳು ಪ್ರಕೃತ ವಿಷಯಕ್ಕೆ ಬಹು ಉಪಯುಕ್ತವಾದುವು. ೩೫೬ರ ಫೆಬ್ರವರಿ ತಿಂಗಳ ಒಂದು ರಾತ್ರಿ ಅಲೆಕ್ಸಾಂಡ್ರಿಯದ ಒಂದು ದೇವಾಲಯದಲ್ಲಿ ಜನರು ಜಾಗರಣೆಮಾಡುತ್ತಿದ್ದರು. ಸೇನಾನಿ ಸೀರಿಯಾನಸನು ಸಿಪಾಯಿಗಳೊಡನೆ ಬಂದು ದೇವಾಲಯವನ್ನು ಮುತ್ತಿದನು. ಅಥನೇಸಿಯಸನು ತನ್ನ ಪೀಠವನ್ನು ಬಿಡದೆ, ಸಭಾಸೇವಕನು ನೂರ ಮೂವತ್ತಾರನೆಯ ಕೀರ್ತನೆಯನ್ನು ಓದುವಂತೆಯೂ ಜನರು ಅದರ ಪಲ್ಲವಿಯನ್ನು ಹೇಳುವಂತೆಯೂ ಆಜ್ಞಾಪಿಸಿದನು. ಬಾಗಿಲುಗಳು ಮುರಿದುವು, ಬಾಣಗಳು ಹಾರಿದುವು, ಕೆಲವರು ಸತ್ತರು. ಜನರಲ್ಲಿ ಹೆಚ್ಚಿನವರು ಹೊರಬಿದ್ದ ಮೇಲೆ ಸನ್ಯಾಸಿಗಳು ಬಿಷಪನನ್ನು ಎಳೆದುಕೊಂಡು ಹೋದರು. ಆತನು ಆರು ವರ್ಷ ಮರುಭೂಮಿಯ ಮಠಗಳಲ್ಲಿ ತಲೆಮರೆಸಿಕೊಂಡಿದ್ದನು. ಆತನನ್ನು ಹಿಡಿದುಕೊಡುವವರು ಆ ದೇಶದಲ್ಲಿ ದೊರೆಯಲಿಲ್ಲ.

ಎರಡನೆಯ ಘಟನೆಯು ಆಂಟಿಯೋಕದ್ದು. ಅಲ್ಲಿ ಸ್ತುತಿಯ ಕೊನೆಯಲ್ಲಿ ಒಂದು ಪಕ್ಷದವರು ತಂದೆಗೂ ಮಗನಿಗೂ ಪವಿತ್ರಾತ್ಮನಿಗೂ ಮಹಿಮೆಯೆಂದು ಹೇಳುವರು. ಮತ್ತೊಂದು ಪಕ್ಷದವರು ಮಗನ ಮೂಲಕ ತಂದೆಗೆ ಮಹಿಮೆಯೆಂದು ಹೇಳುವರು. ಬಿಷಪ್ ಲಿಯಾಂಷಿಯಸನು ಯಾರನ್ನೂ ಎದುರುಹಾಕಿಕೊಳ್ಳಲು ಇಷ್ಟವಿಲ್ಲದೆ ಆ ಭಾಗವನ್ನು ಬಾಯಲ್ಲೇ ಗೊಣಗಿ, ಯುಗಯುಗಗಳವರೆಗೂ ಎಂಬ ಕೊನೆಯ ಮಾತನ್ನು ಮಾತ್ರ ಗಟ್ಟಿಯಾಗಿ ಹೇಳುತ್ತಿದ್ದನಂತೆ. ಈ ಕಥೆಯು ನಗೆಯನ್ನು ತರಿಸುವುದಾದರೂ ಅದರ ಅರ್ಥವು ಗಂಭೀರವಾದುದು. ‘ಗೂ’ ಎಂದು ಹೇಳುವುದೋ ‘ಮೂಲಕ’ ಎಂದು ಹೇಳುವುದೋ ಎಂದು ಸಾಮಾನ್ಯ ಜನರು ಕಿವಿಗೊಟ್ಟು ಕೇಳುತ್ತಿದ್ದರು. ಸಿದ್ಧಾಂತವು ಪಂಡಿತರ ಮನೆಯಲ್ಲಿ ಹುಟ್ಟಿದುದಾಗಿದ್ದರೆ ಜನರಿಗೆ ಅಷ್ಟು ಕಾತರವಿರುತ್ತಿರಲಿಲ್ಲ. ಅವರ ಬಾಯಲ್ಲಿರುವ ಹಾಡಿನ ಅರ್ಥವೇ ಪಣಕ್ಕೆ ಬಿದ್ದಿತ್ತು.

ನೈಸಿಯದವರನ್ನು ಎದುರಿಸಿದವರೆಲ್ಲರೂ ಆರಿಯಸನ ಶಿಷ್ಯರಾಗಿರಲಿಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. ಏಕತತ್ತ್ವವೆಂದರೆ ತಂದೆಯೇ ಮಗನೆಂದು ಅರ್ಥವಾಗಿ ಇಬ್ಬರ ಭೇದವು ಅಳಿಸಿಹೋದೀತೆಂಬ ಭಯವು ಅನೇಕ ಸಜ್ಜನರಿಗಿತ್ತು. ಈ ಭಯವನ್ನು ಹೋಗಲಾಡಿಸಿದವರು ಕಪ್ಪದೋಕಿಯದ ಮೂವರು ವಿದ್ವಾಂಸರು: ಸಿಸೇರಿಯದ ಬಾಸಿಲ್, ಆತನ ತಮ್ಮನಾದ ನಿಸ್ಸದ ಗ್ರೆಗರಿ, ಆತನ ಮಿತ್ರನಾದ ನಾಜಿಯಾಂಜಸಿನ ಗ್ರೆಗರಿ. ‘ಊಸಿಯ’ ಎಂದರೆ ತತ್ತ್ವ, ಅದು ಒಂದೇ; ‘ಹುಪೊಸ್ಟಾಸಿಸ್’ ಎಂದರೆ ವ್ಯಕ್ತಿ, ಅವು ಮೂರು ಎಂದು ಅವರು ಪಾರಿಭಾಷಿಕ ಶಬ್ದಗಳನ್ನು ಬೇರ್ಪಡಿಸಿದರು. ೩೮೦ರಲ್ಲಿ ಥಿಯೊಡೋಸಿಯಸ್ ಚಕ್ರವರ್ತಿಯು ನೈಸಿಯದ ಪಕ್ಷಕ್ಕೆ ರಾಜಶಾಸನದ ಬಲವನ್ನು ಕೊಟ್ಟನು. ೩೮೧ರಲ್ಲಿ ಕಾನ್‌ಸ್ಟಾಂಟಿನೋಪಲಿನಲ್ಲಿ ಸೇರಿದ ನೂರೈವತ್ತು ಬಿಷಪರ ಸಭೆಯು ಅದನ್ನು ಸ್ಥಿರಪಡಿಸಿತು. ಕ್ರೈಸ್ತ ಸಭೆಗಳಲ್ಲಿ ನೈಸಿಯದ ವಿಶ್ವಾಸಪ್ರಮಾಣವೆಂಬ ಹೆಸರಿನಿಂದ ಇಂದು ಪಠಿಸಲ್ಪಡುವುದು ಈ ಸಭೆಯ ಹೆಸರಿನೊಡನೆ ಬಂದ ರೂಪ. ಕರ್ಣಾಟಕದ ಕ್ರೈಸ್ತ ದೇವಾಲಯಗಳಲ್ಲಿ ಕನ್ನಡದಲ್ಲಿ ಹೇಳುವುದೂ ಅದರ ಅನುವಾದವೇ.

೭

ರಾಜಬಲವು ಈ ಇತಿಹಾಸದಲ್ಲಿ ಯಾವ ಪಾತ್ರವನ್ನೂ ವಹಿಸಲಿಲ್ಲವೆಂದು ಹೇಳುವುದು ಸತ್ಯವಾಗದು. ಥಿಯೊಡೋಸಿಯಸನ ಶಾಸನದಿಂದ ಎದುರುಪಕ್ಷದವರ ದೇವಾಲಯಗಳು ಅವರ ಕೈಬಿಟ್ಟುವು. ಗಾಥಿಕ್ ಭಾಷೆಗೆ ಬೈಬಲನ್ನು ಅನುವಾದಿಸಿದ ಉಲ್ಫಿಲನ ಪರಂಪರೆಯಿಂದ ಗಾಥರು ಆರಿಯಸನ ಪಕ್ಷಕ್ಕೆ ಹತ್ತಿರವಾದ ಮತವನ್ನೇ ಬಹುಕಾಲ ಹಿಡಿದಿದ್ದರು. ಸ್ಪೇನಿನ ಗಾಥರು ೫೮೯ರಲ್ಲಿ ತೊಲೇದೊ ಸಭೆಯಲ್ಲಿ ಅದನ್ನು ಬಿಟ್ಟುದು ಅವರ ದೊರೆಯನ್ನು ಅನುಸರಿಸಿಯೇ. ಆದರೆ ರಾಜಬಲವು ಎಲ್ಲವನ್ನೂ ವಿವರಿಸಲಾರದು. ಪೂರ್ವಭಾಗದಲ್ಲಿ ೩೩೭ರಿಂದ ೩೭೮ರವರೆಗಿನ ಬಹುಕಾಲ ಅದು ನೈಸಿಯಕ್ಕೆ ವಿರೋಧವಾಗಿದ್ದಿತು. ಆ ಕಾಲದಲ್ಲಿ ಆ ನಂಬಿಕೆಯು ಉಳಿದುಕೊಂಡುದು ಶಾಸನದಿಂದಲ್ಲ. ಜಾಗರಣೆಯ ಕೀರ್ತನೆಗಳಲ್ಲಿ, ದೀಕ್ಷಾಸ್ನಾನದ ಮಾತುಗಳಲ್ಲಿ, ಸ್ತುತಿಯ ಒಂದು ವಿಭಕ್ತಿಪ್ರತ್ಯಯದಲ್ಲಿ.

ಕ್ರಿಸ್ತನು ದೇವನೇ ಅಲ್ಲವೇ ಎಂಬುದನ್ನು ಚರಿತ್ರೆಯು ನಿರ್ಣಯಿಸಲಾರದು. ಅದು ಚರಿತ್ರೆಯ ಪ್ರಮಾಣಗಳಿಗೆ ಒಳಪಡುವ ವಿಷಯವಲ್ಲ. ಆ ಭರವಸೆಯು ಯಾವುದರ ಮೇಲೆ ನಿಂತಿತೆಂಬುದನ್ನು ಮಾತ್ರ ತೋರಿಸಬಲ್ಲದು. ಸತ್ತವನು ಎದ್ದನೆಂಬ ನಂಬುಗೆಯಿಂದ ಆತನನ್ನು ಕರೆಯುವುದು ಮೊದಲಾಯಿತು. ಕರೆಯುವುದಕ್ಕಾಗಿ ಜನರು ಪ್ರಾಣವನ್ನು ಕೊಟ್ಟರು. ಆಗ, ಕರೆಯುತ್ತಿರುವುದು ಯಾರನ್ನು ಎಂಬ ಪ್ರಶ್ನೆಯು ತಪ್ಪದೆ ಬಂದಿತು. ದೇವರ ಏಕತ್ವವನ್ನು ಬಿಡದೆಯೂ ಆ ಕರೆಯನ್ನು ನಿಲ್ಲಿಸದೆಯೂ ಇರುವುದಕ್ಕೆ ಒಂದೇ ಮಾರ್ಗವಿದ್ದಿತೆಂದು ಅವರಿಗೆ ತೋರಿತು. ಅದನ್ನು ಹೇಳಲು ಬೈಬಲಿನಲ್ಲಿಲ್ಲದ ಒಂದು ಶಬ್ದವನ್ನು, ಅದರ ಅಪಾಯವನ್ನು ತಿಳಿದೂ, ತೆಗೆದುಕೊಂಡರು. ಆ ಶಬ್ದವು ನಂಬಿಕೆಯ ಮೂಲವಲ್ಲ, ಅದರ ಬೇಲಿ.

ನೈಸಿಯವು ಇಂದು ತುರ್ಕಿ ದೇಶದ ಇಜ್ನಿಕ್ ಎಂಬ ಊರು. ಪ್ಲಿನಿಯು ದೂರಿದ ರಂಗಮಂದಿರದ ಅವಶೇಷಗಳು ಅಲ್ಲಿ ಉಳಿದಿರುವುವು. ೨೦೧೪ರಲ್ಲಿ ಊರಿನ ಮಗ್ಗುಲಿನ ಸರೋವರದ ನೀರಿನೊಳಗೆ ಒಂದು ಪ್ರಾಚೀನ ಕ್ರೈಸ್ತ ದೇವಾಲಯದ ತಳಹದಿಯೂ ಕಂಡುಬಂದಿತು. ಮಹಾಸಭೆಯು ಸೇರಿದ ಅರಮನೆಯ ಗುರುತು ನಿಶ್ಚಯವಾಗಿ ಸಿಕ್ಕಿಲ್ಲ. ೨೦೨೫ಕ್ಕೆ ಆ ಸಭೆ ನಡೆದು ಸಾವಿರದ ಏಳುನೂರು ವರ್ಷಗಳು ತುಂಬಿದುವು. ಅದರ ನಿರ್ಣಯವು ಇಂದಿಗೂ ವಾದಗ್ರಂಥಗಳಲ್ಲಿರುವುದಕ್ಕಿಂತ ಹೆಚ್ಚಾಗಿ ಭಾನುವಾರದ ಪೂಜೆಯಲ್ಲಿ, ಹಿಂದೆ ಬಿಥಿನಿಯದಲ್ಲಿ ಬೆಳಗಾಗುವ ಮುನ್ನ ಹಾಡುತ್ತಿದ್ದವರಂತೆಯೇ ಒಟ್ಟಾಗಿ ನಿಂತ ಜನರ ಬಾಯಲ್ಲಿ, ಕೇಳಿಬರುತ್ತಿರುವುದು.